ಮನೆಯಲ್ಲಿ ಜೋಡಿಸಿದ ಗಣಕಯಂತ್ರವು ಮೂಕವಾದಾಗ

ಈ ಸಂಚಿಕೆಯ ವಾಚಕರಲ್ಲಿ ಬಹುಮಂದಿ ಈ ಶಾಲೆಯ ಪೂರ್ವ ವಿದ್ಯಾರ್ಥಿನಿಯರು; ಉಳಿದವರು ಈಗ ಇಲ್ಲಿ ಕಲಿಯುತ್ತಿರುವ ಮಕ್ಕಳ ತಾಯ್ತಂದೆಗಳು. ಇವರ ಮನೆಗಳಲ್ಲಿ ಗಣಕಯಂತ್ರವು ಅಲಂಕಾರದ ವಸ್ತುವಾಗಿ ಉಳಿದಿಲ್ಲ. ಅಡಿಕೆ ವಿಕ್ರಯದ ಲೆಕ್ಕ, ಸಂಘದ ಸಾಲದ ಕಾಗದಪತ್ರ, ಪಹಣಿಯ ಪ್ರತಿ, ಮಗಳ ವಿದ್ಯಾರ್ಥಿವೇತನದ ಅರ್ಜಿ, ಅಗಲಿದ ಹಿರಿಯರ ಭಾವಚಿತ್ರ ಇವೆಲ್ಲವೂ ಅದರೊಳಗೆ ಸೇರಿರುವುವು. ೨೦೨೦ರಲ್ಲಿ ಮಹಾಮಾರಿಯ ಕಾರಣದಿಂದ ಶಾಲೆಗಳು ಮುಚ್ಚಿದಾಗ ಮಲೆನಾಡಿನ ಮಕ್ಕಳು ನೆಟ್‌ವರ್ಕನ್ನು ಅರಸುತ್ತ ಗುಡ್ಡದ ನೆತ್ತಿಗೆ ಹೋಗಿ ಪಾಠ ಕೇಳಿದುದನ್ನು ನಾವಾರೂ ಮರೆತಿಲ್ಲ.

ಸಿದ್ಧವಾದ ಯಂತ್ರವನ್ನು ಕೊಳ್ಳುವುದಕ್ಕೆ ಬದಲಾಗಿ, ಹುಬ್ಬಳ್ಳಿಯಿಂದಲೋ ಬೆಂಗಳೂರಿನ ಎಸ್. ಪಿ. ರಸ್ತೆಯಿಂದಲೋ ಬಿಡಿಭಾಗಗಳನ್ನು ತರಿಸಿ ಮನೆಯಲ್ಲಿಯೇ ಜೋಡಿಸಿಕೊಳ್ಳುವ ರೂಢಿಯು ಈಗ ಹಳ್ಳಿಗಳಲ್ಲಿಯೂ ಉಂಟು. ಇದರಿಂದ ಹಣವೂ ಉಳಿಯುವುದು, ಯಂತ್ರದ ಒಳಗಿನ ಪರಿಚಯವೂ ಆಗುವುದು. ಆದರೆ ಇಂಥ ಯಂತ್ರಕ್ಕೆ ಒಟ್ಟಾಗಿ ಹೊಣೆ ಹೊರುವ ಕಂಪೆನಿಯು ಯಾವುದೂ ಇಲ್ಲವಾದ್ದರಿಂದ ಅದರ ವೈದ್ಯವನ್ನೂ ಮನೆಯವರೇ ಕಲಿತಿರಬೇಕಾಗುವುದು. ಅದಕ್ಕೆ ಬರುವ ರೋಗಗಳಲ್ಲಿ ಮನಸ್ಸನ್ನು ಹೆಚ್ಚು ಕಂಗೆಡಿಸುವುದು, ಫರ್ಮ್‌ವೇರನ್ನು ಹೊಸದುಮಾಡುವ ಕೆಲಸವು ನಡುವೆ ಕೆಟ್ಟು ಯಂತ್ರವು ಏಳದೆ ಹೋಗುವುದೇ ಆಗಿದೆ. ಇದಕ್ಕೆ ಮಾಡತಕ್ಕ ಪರೀಕ್ಷೆಯನ್ನೂ ಚಿಕಿತ್ಸೆಯನ್ನೂ ಕ್ರಮವಾಗಿ ತಿಳಿಸುವುದು ಈ ಲೇಖನದ ಉದ್ದೇಶವು.

೧. ಫರ್ಮ್‌ವೇರ್ ಎಂದರೇನು?

ಗಣಕಯಂತ್ರದ ಗುಂಡಿಯನ್ನು ಒತ್ತಿದ ಕ್ಷಣದಲ್ಲಿ ಅದರ ಪ್ರೊಸೆಸರಿಗೆ ಯಾವ ತಿಳಿವಳಿಕೆಯೂ ಇರುವುದಿಲ್ಲ. ರ್‍ಯಾಮ್ ಎಷ್ಟಿದೆ, ತೆರೆ ಎಲ್ಲಿದೆ, ವಿಂಡೋಸ್ ಅಥವಾ ಲಿನಕ್ಸ್ ಯಾವ ಡಿಸ್ಕಿನಲ್ಲಿದೆ ಎಂಬುದೊಂದನ್ನೂ ಅದು ಅರಿಯದು. ಗೊತ್ತುಮಾಡಿಟ್ಟ ಒಂದು ವಿಳಾಸದಿಂದ ಮೊದಲನೆಯ ಆಜ್ಞೆಯನ್ನು ಓದುವುದಷ್ಟೇ ಅದಕ್ಕೆ ಗೊತ್ತು. ಆ ವಿಳಾಸದಲ್ಲಿ ದೊರೆಯುವುದು ಮದರ್‌ಬೋರ್ಡಿನ ಮೇಲೆ ಕೂತಿರುವ ಒಂದು ಸಣ್ಣ ಚಿಪ್ಪಿನ ಬರಹ. ಸಾಮಾನ್ಯವಾಗಿ ಎಂಟು ಕಾಲುಗಳುಳ್ಳ, ಬೆರಳಿನ ಉಗುರಿಗಿಂತ ಚಿಕ್ಕದಾದ ಈ ಚಿಪ್ಪಿನಲ್ಲಿರುವ ಬರಹಕ್ಕೆ ಫರ್ಮ್‌ವೇರ್ ಎಂದು ಹೆಸರು. ಈಗಿನ ಬೋರ್ಡುಗಳಲ್ಲಿ ಇದು ಹೆಚ್ಚಾಗಿ ೧೬ ಅಥವಾ ೩೨ ಮೆಗಾಬೈಟ್ ಇರುವುದು. ರ್‍ಯಾಮನ್ನು ಎಬ್ಬಿಸಿ, ತೆರೆಯನ್ನು ಬೆಳಗಿಸಿ, ಡಿಸ್ಕನ್ನು ಹುಡುಕಿ, ಅಲ್ಲಿಂದ ಮುಂದಿನ ಕೆಲಸವನ್ನು ವಿಂಡೋಸಿಗೆ ಒಪ್ಪಿಸುವವರೆಗಿನ ಹೊಣೆಯೆಲ್ಲ ಇದರದೇ.

ಫರ್ಮ್‌ವೇರ್ ಎಂಬ ಪದವನ್ನು ೧೯೬೭ರಲ್ಲಿ ಆಶರ್ ಓಪ್ಲರ್ ಎಂಬವರು ಪ್ರಯೋಗಕ್ಕೆ ತಂದರು. ಅಂಗಡಿಗಳಲ್ಲಿ ನಾವು ಕೇಳುವ ಬಯೋಸ್ ಎಂಬ ಹೆಸರು ೧೯೭೦ರ ದಶಕದಲ್ಲಿ ಗ್ಯಾರಿ ಕಿಲ್ಡಾಲರು ರಚಿಸಿದ ಸಿಪಿ/ಎಂ ಎಂಬ ವ್ಯವಸ್ಥೆಯಿಂದ ಬಂದುದು. ೧೯೮೧ರಲ್ಲಿ ಐಬಿಎಂ ಕಂಪೆನಿಯು ಹೊರತಂದ ಪಿ.ಸಿ.ಯಲ್ಲಿ ಈ ಬರಹವು ತಿದ್ದಲು ಬಾರದ ಚಿಪ್ಪಿನಲ್ಲಿತ್ತು; ಕಲ್ಲಿನ ಶಾಸನದಂತೆ ಅದನ್ನು ಓದಬಹುದಾಗಿತ್ತೇ ಹೊರತು ಅಳಿಸಿ ಬರೆಯಲಾಗುತ್ತಿರಲಿಲ್ಲ. ೧೯೮೪ರಲ್ಲಿ ಜಪಾನಿನ ತೋಷಿಬಾ ಕಂಪೆನಿಯ ಫುಜಿಯೊ ಮಸುಓಕರು ಫ್ಲಾಶ್ ಎಂಬ ಸ್ಮೃತಿಯನ್ನು ಲೋಕಕ್ಕೆ ತಿಳಿಯಪಡಿಸಿದ ತರುವಾಯ ಈ ಶಾಸನವು ಪಾಟಿಯಂತಾಯಿತು. ೨೦೦೫ರಿಂದೀಚೆಗೆ ಹಲವು ಕಂಪೆನಿಗಳು ಕೂಡಿ ನಡೆಸಿಕೊಂಡು ಬಂದ ಯುಇಎಫ್ಐ ಎಂಬ ಹೊಸ ಪದ್ಧತಿಯು ಹಳೆಯ ಬಯೋಸಿನ ಸ್ಥಾನಕ್ಕೆ ಬಂದಿರುವುದು. ಆದರೂ ಜನರ ಬಾಯಲ್ಲಿ ಬಯೋಸ್ ಎಂಬ ಹೆಸರೇ ನಿಂತಿದೆ.

೨. ಅಪಾಯವು ಎಲ್ಲಿಂದ ಬರುವುದು?

ಫ್ಲಾಶ್ ಚಿಪ್ಪಿನ ಸ್ವಭಾವವೇನಂದರೆ, ಹೊಸತನ್ನು ಬರೆಯುವ ಮೊದಲು ಹಳೆಯದನ್ನು ತುಂಡುತುಂಡಾಗಿ ಅಳಿಸಲೇಬೇಕು. ನಮ್ಮ ಸೀಮೆಯ ಕೊನೆಗೌಡನ ಕೆಲಸವನ್ನು ನೆನೆಯಿರಿ. ಅವನು ಒಂದು ಅಡಿಕೆಮರದ ತುದಿಯಿಂದ ಇನ್ನೊಂದಕ್ಕೆ ನೆಲಕ್ಕಿಳಿಯದೆ ದಾಟುವನು. ಆದರೆ ಮುಂದಿನ ಮರವು ಕೈಗೆ ಭದ್ರವಾಗಿ ಸಿಕ್ಕುವವರೆಗೆ ಹಿಂದಿನ ಮರವನ್ನು ಬಿಡನು. ಒಂದೇ ಚಿಪ್ಪುಳ್ಳ ಬೋರ್ಡಿಗಾದರೋ ಈ ಅನುಕೂಲವಿಲ್ಲ. ಅದು ಹಳೆಯ ಮರವನ್ನು ಬಿಟ್ಟ ಮೇಲೆಯೇ ಹೊಸ ಮರವನ್ನು ಹಿಡಿಯಬೇಕು. ಆ ಕೆಲವು ನಿಮಿಷಗಳಲ್ಲಿ ವಿದ್ಯುತ್ತು ಹೋದರೆ ಚಿಪ್ಪಿನಲ್ಲಿ ಅರ್ಧ ಹಳೆಯ, ಅರ್ಧ ಹೊಸ ಬರಹವು ಉಳಿದು, ಪ್ರೊಸೆಸರು ಓದುವ ಮೊದಲನೆಯ ಆಜ್ಞೆಗಳೇ ಅರ್ಥವಿಲ್ಲದವುಗಳಾಗುವುವು. ಎರಡು ಚಿಪ್ಪುಗಳನ್ನಿಟ್ಟ ಬೋರ್ಡುಗಳು ಕೆಲವುಂಟು. ಅವು ಕೊನೆಗೌಡನಂತೆ ಒಂದನ್ನು ಹಿಡಿದುಕೊಂಡೇ ಇನ್ನೊಂದನ್ನು ತಿದ್ದುವುವು.

ಚಿಪ್ಪಿನ ಬರಹ ಕೆಟ್ಟರೆ ಏನಾಗುವುದೆಂಬುದನ್ನು ಲೋಕವು ೧೯೯೯ರ ಏಪ್ರಿಲ್ ೨೬ರಂದು ಕಂಡಿತು. ಅದರ ಹಿಂದಿನ ವರುಷ ತೈವಾನಿನ ಒಬ್ಬ ವಿದ್ಯಾರ್ಥಿಯು ರಚಿಸಿದ ಸಿಐಎಚ್ ಎಂಬ ವೈರಸ್ಸು ಆ ದಿನ ಎಚ್ಚರಗೊಂಡು, ಏಷ್ಯಾ ಖಂಡದ ಅಸಂಖ್ಯ ಯಂತ್ರಗಳ ಡಿಸ್ಕುಗಳನ್ನು ಕೆಡಿಸಿದ್ದಲ್ಲದೆ, ಕೆಲವು ಬೋರ್ಡುಗಳ ಬಯೋಸನ್ನೂ ಅಳಿಸಿತು. ಆ ಯಂತ್ರಗಳಲ್ಲಿ ಒಂದು ತಂತಿಯೂ ಸುಟ್ಟಿರಲಿಲ್ಲ. ಆದರೂ ಅವು ಏಳಲಿಲ್ಲ. ಚಿಪ್ಪಿಗೆ ಸರಿಯಾದ ಬರಹವನ್ನು ಪುನಃ ತುಂಬಿದಾಗ ಬೋರ್ಡು ಮೊದಲಿನಂತೆ ನಡೆಯಿತು. ನಮ್ಮ ಪಾಠದ ಮುಖ್ಯ ತತ್ತ್ವವು ಇದರಲ್ಲಿಯೇ ಅಡಗಿದೆ: ಮೂಕವಾದ ಬೋರ್ಡು ಸತ್ತ ಬೋರ್ಡೆಂದು ತಿಳಿಯಬಾರದು.

ಹಾಗಾದರೆ ಇಂಥ ಅಪಾಯಕ್ಕೆ ಕೈಹಾಕುವುದೇತಕ್ಕೆ ಎಂದು ಕೇಳಬಹುದು. ಕಾರಣವಿಲ್ಲದೆ ಕೈಹಾಕಬಾರದೆಂಬುದೇ ಉತ್ತರ. ಆದರೆ ಕೆಲವು ವೇಳೆ ಕಾರಣವಿರುವುದು. ಹಳೆಯ ಬೋರ್ಡಿಗೆ ಹೊಸ ಪ್ರೊಸೆಸರನ್ನು ಹಾಕಿದರೆ ಅದನ್ನು ಗುರುತಿಸಲು ಹೊಸ ಫರ್ಮ್‌ವೇರ್ ಬೇಕು. ೨೦೨೪ರಲ್ಲಿ ಇಂಟೆಲ್ ಕಂಪೆನಿಯ ೧೩ನೆಯ ಮತ್ತು ೧೪ನೆಯ ಪೀಳಿಗೆಯ ಕೆಲವು ಪ್ರೊಸೆಸರುಗಳು ತಮಗೆ ಬೇಕಾದುದಕ್ಕಿಂತ ಹೆಚ್ಚಿನ ವೋಲ್ಟೇಜನ್ನು ಕೇಳಿ ಪಡೆದು ಕ್ರಮೇಣ ಹಾಳಾಗುತ್ತಿದ್ದುವೆಂದು ತಿಳಿದುಬಂದಾಗ, ಅದನ್ನು ತಡೆಯುವ ತಿದ್ದುಪಡಿಯು ಮದರ್‌ಬೋರ್ಡಿನ ಫರ್ಮ್‌ವೇರಿನ ಮೂಲಕವೇ ಬಂದಿತು. ಇಂಥ ಸಂದರ್ಭದಲ್ಲಿ ಸುಮ್ಮನಿರುವುದೇ ಹೆಚ್ಚಿನ ಅಪಾಯವು.

೩. ರೋಗವನ್ನು ಗುರುತಿಸುವ ರೀತಿ

ಮೊದಲು ಒಂದು ನೋಟುಪುಸ್ತಕವನ್ನೂ ಪೆನ್ಸಿಲನ್ನೂ ಬಳಿಯಲ್ಲಿಟ್ಟುಕೊಳ್ಳಿರಿ. ಎಡಗಡೆಯಲ್ಲಿ ‘ಮಾಡಿದ್ದು’, ಬಲಗಡೆಯಲ್ಲಿ ‘ಕಂಡದ್ದು’ ಎಂದು ಬರೆಯಿರಿ. ಒಂದು ಸಲಕ್ಕೆ ಒಂದನ್ನೇ ಬದಲಿಸತಕ್ಕದ್ದು. ಎರಡನ್ನು ಒಟ್ಟಿಗೆ ಬದಲಿಸಿದವರು ಯಂತ್ರವು ಎದ್ದರೂ ಯಾವುದರಿಂದ ಎದ್ದಿತೆಂಬುದನ್ನು ತಿಳಿಯಲಾರರು.

ಯಂತ್ರದ ಸ್ಥಿತಿಯನ್ನು ಮೂರು ವಿಧವಾಗಿ ವಿಂಗಡಿಸಬಹುದು.

ಮೊದಲನೆಯದು, ತೆರೆಯ ಮೇಲೆ ಏನಾದರೂ ಅಕ್ಷರ ಮೂಡುವುದು, ಆದರೆ ವಿಂಡೋಸ್ ಬಾರದಿರುವುದು. ಅಕ್ಷರ ಮೂಡಿದುದೇ ಫರ್ಮ್‌ವೇರ್ ಬದುಕಿದೆಯೆಂಬುದಕ್ಕೆ ಸಾಕ್ಷಿ. ಹೊಸ ಫರ್ಮ್‌ವೇರ್ ಬರೆದಾಗ ನಾವು ಹಿಂದೆ ಮಾಡಿಟ್ಟ ಏರ್ಪಾಡುಗಳೆಲ್ಲ ಅಳಿದು ಕಾರ್ಖಾನೆಯ ಏರ್ಪಾಡುಗಳು ಬರುವುವು. ಹಳೆಯ ರೀತಿಯಲ್ಲಿ ಸ್ಥಾಪಿಸಿದ ವಿಂಡೋಸಿಗೆ ಸಿಎಸ್ಎಂ ಎಂಬ ಏರ್ಪಾಡು ಬೇಕಾಗಿರುವಲ್ಲಿ ಅದು ಈಗ ಆರಿರಬಹುದು. ಡಿಸ್ಕುಗಳ ಕ್ರಮವು ಬದಲಾಗಿರಬಹುದು. ಫರ್ಮ್‌ವೇರಿನ ಪುಟವನ್ನು ತೆರೆದು ಇವುಗಳನ್ನು ಮೊದಲಿನಂತೆ ಇಟ್ಟರೆ ಸಾಕು.

ಎರಡನೆಯದು, ತೆರೆ ಕಪ್ಪಗಿದ್ದು, ಫ್ಯಾನು ತಿರುಗುತ್ತಿದ್ದು, ಬೋರ್ಡಿನ ಮೇಲಿನ ಸಣ್ಣ ದೀಪಗಳಲ್ಲೊಂದು ಉರಿಯುತ್ತಿರುವುದು. ಹಲವು ಬೋರ್ಡುಗಳಲ್ಲಿ ಪ್ರೊಸೆಸರ್, ರ್‍ಯಾಮ್, ಗ್ರಾಫಿಕ್ಸ್, ಡಿಸ್ಕು ಇವಕ್ಕೆ ಒಂದೊಂದರಂತೆ ನಾಲ್ಕು ದೀಪಗಳಿರುವುವು. ಪರೀಕ್ಷೆಯು ಎಲ್ಲಿ ನಿಂತಿತೋ ಅಲ್ಲಿಯ ದೀಪವು ಆರದೆ ಉಳಿಯುವುದು. ದೀಪಗಳಿಲ್ಲದ ಬೋರ್ಡಿಗೆ ಒಂದು ಸಣ್ಣ ಸ್ಪೀಕರನ್ನು ಸಿಕ್ಕಿಸಿದರೆ ‘ಬೀಪ್’ ಶಬ್ದಗಳ ಎಣಿಕೆಯಿಂದ ಅದೇ ವರ್ತಮಾನವು ದೊರೆಯುವುದು. ಎಣಿಕೆಯ ಅರ್ಥವು ಬೋರ್ಡಿನಿಂದ ಬೋರ್ಡಿಗೆ ಬೇರೆಯಾದ್ದರಿಂದ ಅದರ ಕೈಪಿಡಿಯನ್ನೇ ನೋಡಬೇಕು.

ಮೂರನೆಯದು, ಫ್ಯಾನು ತಿರುಗಿದರೂ ದೀಪವಿಲ್ಲ, ಶಬ್ದವಿಲ್ಲ. ಅಥವಾ ಯಂತ್ರವು ಕೆಲವು ಕ್ಷಣಗಳಿಗೊಮ್ಮೆ ತಾನೇ ಆರಿ ತಾನೇ ಹೊತ್ತುವುದು. ಹೊಸದುಮಾಡುವ ಕೆಲಸವು ನಡುವೆ ನಿಂತ ಬೆನ್ನಿಗೇ ಈ ಲಕ್ಷಣವು ಕಂಡರೆ ಫರ್ಮ್‌ವೇರ್ ಅರ್ಧ ಬರೆದಿದೆಯೆಂದು ಶಂಕಿಸಲು ಕಾರಣವುಂಟು.

ಆದರೂ ಅವಸರದಿಂದ ತೀರ್ಪು ಕೊಡಬಾರದು. ಡಿಡಿಆರ್೫ ರ್‍ಯಾಮ್ ಇರುವ ಬೋರ್ಡುಗಳು ಹೊಸ ಫರ್ಮ್‌ವೇರ್ ಬಂದ ಮೇಲಿನ ಮೊದಲನೆಯ ಸಲ ರ್‍ಯಾಮಿನ ವೇಗವನ್ನು ಹೊಂದಿಸಿಕೊಳ್ಳುತ್ತ ಹಲವು ನಿಮಿಷ ಕಪ್ಪು ತೆರೆಯನ್ನೇ ತೋರಿಸುವುವು. ಈ ಹೊತ್ತಿನಲ್ಲಿ ಗಾಬರಿಯಿಂದ ಸ್ವಿಚ್ಚನ್ನು ಆರಿಸುವುದು ಸರಿಯಲ್ಲ. ಕಾಲು ಗಂಟೆ ಸುಮ್ಮನೆ ಕಾದು ನೋಡಿರಿ. ಮಾನಿಟರಿನ ತಂತಿಯು ಗ್ರಾಫಿಕ್ಸ್ ಕಾರ್ಡಿಗೆ ಸೇರುವ ಬದಲು ಬೋರ್ಡಿಗೆ ಸೇರಿದೆಯೇ ಎಂಬುದನ್ನೂ ಆಗಲೇ ನೋಡಿರಿ.

೪. ಚಿಕಿತ್ಸೆಯ ಕ್ರಮ

ಅಗ್ಗದ, ಅಪಾಯವಿಲ್ಲದ ಉಪಾಯವನ್ನು ಮೊದಲು ಮಾಡುವುದೂ, ಕಷ್ಟದ ಉಪಾಯವನ್ನು ಕೊನೆಗಿಡುವುದೂ ಜಾಣತನವು.

ಮೊದಲನೆಯ ಹೆಜ್ಜೆ: ಸ್ವಿಚ್ಚನ್ನು ಆರಿಸಿ, ಗೋಡೆಯಿಂದ ಪ್ಲಗ್ಗನ್ನು ಕಿತ್ತು, ಯಂತ್ರದ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿಹಿಡಿಯಿರಿ. ಒಳಗೆ ಉಳಿದ ವಿದ್ಯುತ್ತು ಇದರಿಂದ ಇಳಿದುಹೋಗುವುದು. ಒಳಗೆ ಕೈಹಾಕುವ ಮೊದಲು ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹವನ್ನು ಮುಟ್ಟಿರಿ. ಇಲ್ಲವಾದರೆ ಮೈಮೇಲಿನ ಸ್ಥಿರವಿದ್ಯುತ್ತು ಚಿಪ್ಪಿಗೆ ತಗಲಬಹುದು.

ಎರಡನೆಯ ಹೆಜ್ಜೆ: ಏರ್ಪಾಡುಗಳನ್ನು ಅಳಿಸುವುದು. ಬೋರ್ಡಿನ ಮೇಲೆ ನಾಣ್ಯದಂಥ ೩ ವೋಲ್ಟಿನ ಬ್ಯಾಟರಿಯೊಂದಿದೆ. ಅದರ ಮೇಲೆ ಸಿಆರ್೨೦೩೨ ಎಂದು ಬರೆದಿರುವುದು. ಅದನ್ನು ತೆಗೆದು ಐದು ನಿಮಿಷ ಬಿಟ್ಟು ಹಾಕಿರಿ. ಕೈಪಿಡಿಯಲ್ಲಿ ತೋರಿಸಿದ ಎರಡು ಸಣ್ಣ ಮುಳ್ಳುಗಳನ್ನು ಕೆಲವು ಕ್ಷಣ ಲೋಹದಿಂದ ಕೂಡಿಸುವುದು ಇನ್ನೂ ಖಚಿತವಾದ ದಾರಿ. ಇದು ನಾವು ಇಟ್ಟ ಏರ್ಪಾಡುಗಳನ್ನು ಮಾತ್ರ ಅಳಿಸುವುದು, ಫರ್ಮ್‌ವೇರನ್ನು ಮುಟ್ಟುವುದಿಲ್ಲ. ಆದಕಾರಣ ಹೊಸ ಬರಹಕ್ಕೂ ಹಳೆಯ ಏರ್ಪಾಡಿಗೂ ಹೊಂದಿಕೆಯಾಗದೆ ನಿಂತ ಯಂತ್ರವು ಇದರಿಂದ ಏಳುವುದು. ಅರ್ಧ ಬರೆದ ಫರ್ಮ್‌ವೇರ್ ಇದರಿಂದ ಪೂರ್ಣವಾಗದು.

ಮೂರನೆಯ ಹೆಜ್ಜೆ: ಭಾರವನ್ನು ಇಳಿಸುವುದು. ಪ್ರೊಸೆಸರ್, ಒಂದೇ ರ್‍ಯಾಮ್ ಪಟ್ಟಿ, ವಿದ್ಯುತ್ತು ಕೊಡುವ ಎಸ್ಎಂಪಿಎಸ್ ಇಷ್ಟನ್ನು ಉಳಿಸಿ ಡಿಸ್ಕು, ಪ್ರಿಂಟರು, ಬೇರೆ ಕಾರ್ಡುಗಳನ್ನೆಲ್ಲ ಬಿಡಿಸಿರಿ. ಪ್ರೊಸೆಸರಿನಲ್ಲಿಯೇ ಚಿತ್ರ ತೋರಿಸುವ ಶಕ್ತಿಯಿದ್ದರೆ ಗ್ರಾಫಿಕ್ಸ್ ಕಾರ್ಡನ್ನೂ ತೆಗೆಯಿರಿ. ಆಗ ಯಂತ್ರವು ಎದ್ದರೆ ಬಿಡಿಸಿದವುಗಳನ್ನು ಒಂದೊಂದಾಗಿ ಸೇರಿಸಿ, ಯಾವುದನ್ನು ಸೇರಿಸಿದಾಗ ನಿಂತಿತೆಂದು ಬರೆದಿಡಿರಿ.

ನಾಲ್ಕನೆಯ ಹೆಜ್ಜೆ: ಬೋರ್ಡಿನಲ್ಲಿಯೇ ಇರುವ ಪುನರ್ಲೇಖನದ ಗುಂಡಿ. ಹಲವು ಬೋರ್ಡುಗಳ ಹಿಂಬದಿಯಲ್ಲಿ ‘ಫ್ಲಾಶ್‌ಬ್ಯಾಕ್’ ಎಂಬ ಗುಂಡಿಯೂ, ಅದಕ್ಕೆಂದೇ ಗುರುತುಮಾಡಿದ ಯುಎಸ್‌ಬಿ ರಂಧ್ರವೂ ಇರುವುವು. ಈ ಕೆಲಸವನ್ನು ಪ್ರೊಸೆಸರಿನ ಹಂಗಿಲ್ಲದೆ ಬೇರೊಂದು ಸಣ್ಣ ಚಿಪ್ಪು ನಡೆಸುವುದರಿಂದ ಯಂತ್ರವು ಪೂರ್ತಿ ಮೂಕವಾಗಿದ್ದರೂ ಇದು ನಡೆಯುವುದು. ಬೇರೆ ಗಣಕಯಂತ್ರದಿಂದ ಬೋರ್ಡಿನ ಕಂಪೆನಿಯ ಸ್ವಂತ ತಾಣಕ್ಕೆ ಹೋಗಿ ಫೈಲನ್ನು ಇಳಿಸಿಕೊಳ್ಳಿರಿ. ಬೋರ್ಡಿನ ಹೆಸರೂ ಅದರ ಮೂಲೆಯಲ್ಲಿ ಮುದ್ರಿಸಿದ ‘ರಿವಿಜನ್’ ಸಂಖ್ಯೆಯೂ ಅಕ್ಷರಶಃ ಕೂಡಿಬರಬೇಕು; ಒಂದೇ ಹೆಸರಿನ ಎರಡು ಬೋರ್ಡುಗಳಿಗೆ ಬೇರೆ ಬೇರೆ ಫೈಲುಗಳಿರುವುದುಂಟು. ಎಫ್ಎಟಿ೩೨ ರೀತಿಯಲ್ಲಿ ಸಿದ್ಧಪಡಿಸಿದ ಪೆನ್‌ಡ್ರೈವಿನಲ್ಲಿ ಅದನ್ನಿಟ್ಟು, ಕೈಪಿಡಿಯು ಹೇಳಿದ ಹೆಸರನ್ನೇ ಅದಕ್ಕೆ ಕೊಟ್ಟು, ಹೇಳಿದ ರಂಧ್ರದಲ್ಲಿಯೇ ಸಿಕ್ಕಿಸಿ ಗುಂಡಿಯನ್ನು ಒತ್ತಿರಿ. ದೀಪವು ಮಿನುಗತೊಡಗುವುದು. ಅದು ಆರುವವರೆಗೆ ಯಾವುದನ್ನೂ ಮುಟ್ಟಲಾಗದು. ದೀಪವು ಮಿನುಗದೆ ಸ್ಥಿರವಾಗಿ ನಿಂತರೆ ಹೆಚ್ಚಾಗಿ ಪೆನ್‌ಡ್ರೈವಿನದೋ ಫೈಲಿನ ಹೆಸರಿನದೋ ದೋಷವಿರುವುದು.

ಐದನೆಯ ಹೆಜ್ಜೆ: ಇಂಥ ಗುಂಡಿಯಿಲ್ಲದಿದ್ದಲ್ಲಿ ಚಿಪ್ಪಿಗೆ ಹೊರಗಿನಿಂದ ಬರೆಯುವುದು. ಸಿಎಚ್೩೪೧ಎ ಎಂಬ ಅಗ್ಗದ ಪ್ರೋಗ್ರಾಮರ್ ಉಪಕರಣವನ್ನು ಇನ್ನೊಂದು ಗಣಕಯಂತ್ರಕ್ಕೆ ಸೇರಿಸಿ, ಅದರ ಚಿಮುಟವನ್ನು ಎಂಟು ಕಾಲಿನ ಚಿಪ್ಪಿಗೆ ಕಚ್ಚಿಸಿ, ಫ್ಲಾಶ್‌ರಾಮ್ ಎಂಬ ಉಚಿತ ತಂತ್ರಾಂಶದಿಂದ ಬರೆಯಬಹುದು. ಇದರಲ್ಲಿ ಮೂರು ಎಚ್ಚರಗಳು ಬೇಕು. ಚಿಪ್ಪಿನ ಬೆನ್ನಿನ ಮೇಲಿನ ಸಂಖ್ಯೆಯನ್ನು ಭೂತಗನ್ನಡಿಯಿಂದ ಓದಿ ಅದು ೩.೩ ವೋಲ್ಟಿನದೋ ೧.೮ ವೋಲ್ಟಿನದೋ ಎಂದು ತಿಳಿಯಬೇಕು; ಕಡಿಮೆ ವೋಲ್ಟಿನದಕ್ಕೆ ಹೆಚ್ಚು ಕೊಟ್ಟರೆ ಚಿಪ್ಪು ಸುಡುವುದು. ಈ ಉಪಕರಣದ ಸಾಮಾನ್ಯ ಕಪ್ಪು ಮಾದರಿಯು ಸಂಕೇತದ ತಂತಿಗಳ ಮೇಲೆ ೫ ವೋಲ್ಟನ್ನು ಹರಿಸುವುದೆಂಬುದೂ ನೆನಪಿರಲಿ. ಚಿಪ್ಪಿನ ಮೂಲೆಯ ಚುಕ್ಕೆಯು ಒಂದನೆಯ ಕಾಲನ್ನು ತೋರಿಸುವುದು. ಚಿಮುಟದ ಕೆಂಪು ತಂತಿಯು ಅಲ್ಲಿಗೇ ಬರಬೇಕು. ಬರೆಯುವ ಮೊದಲು ಚಿಪ್ಪಿನಲ್ಲಿರುವುದನ್ನು ಎರಡು ಸಲ ಓದಿ, ಎರಡು ಪ್ರತಿಗಳೂ ಒಂದೇ ಆಗಿವೆಯೆಂದು ಖಚಿತಪಡಿಸಿಕೊಂಡು ಭದ್ರವಾಗಿಡಬೇಕು. ಯಾಕಂದರೆ ಬೋರ್ಡಿನ ಕ್ರಮಸಂಖ್ಯೆ, ನೆಟ್‌ವರ್ಕಿನ ಗುರುತಿನ ಸಂಖ್ಯೆ ಮುಂತಾದುವು ಎಷ್ಟೋ ಬೋರ್ಡುಗಳಲ್ಲಿ ಅದೇ ಚಿಪ್ಪಿನಲ್ಲಿರುವುವು. ಬರೆದ ಮೇಲೆ ಪುನಃ ಓದಿ ತಾಳೆನೋಡಬೇಕು.

ಈ ಕೊನೆಯ ಹೆಜ್ಜೆಗೆ ಕೈ ನಡುಗುವುದಾದರೆ ಶಿರಸಿಯಲ್ಲಿಯೋ ಹುಬ್ಬಳ್ಳಿಯಲ್ಲಿಯೋ ಚಿಪ್ಪಿನ ಕೆಲಸವನ್ನು ಬಲ್ಲವರಿಂದ ಮಾಡಿಸುವುದರಲ್ಲಿ ಅವಮಾನವಿಲ್ಲ. ಆದರೆ “ಬೋರ್ಡು ಹೋಗಿದೆ, ಹೊಸತೇ ಬೇಕು” ಎಂದು ಯಾರಾದರೂ ನೋಡಿದೊಡನೆ ಹೇಳಿದರೆ, “ಚಿಪ್ಪಿಗೆ ಪುನಃ ಬರೆದು ನೋಡಿದಿರಾ?” ಎಂದು ವಿನಯದಿಂದ ಕೇಳಿರಿ. ಆ ಒಂದು ಪ್ರಶ್ನೆಯು ಎಷ್ಟೋ ಸಾವಿರ ರೂಪಾಯಿಗಳನ್ನು ಉಳಿಸಬಲ್ಲದು.

೫. ಕಡತಗಳು ಉಳಿಯುವುವೇ?

ತಾಯ್ತಂದೆಗಳನ್ನು ಹೆಚ್ಚಾಗಿ ಕಾಡುವ ಪ್ರಶ್ನೆಯು ಇದು. ಲೆಕ್ಕಪತ್ರಗಳೂ ಭಾವಚಿತ್ರಗಳೂ ಇರುವುದು ಡಿಸ್ಕಿನಲ್ಲಿ. ಫರ್ಮ್‌ವೇರಿನ ಚಿಪ್ಪಿನಲ್ಲಿ ಅಲ್ಲ. ಆದ್ದರಿಂದ ಬೋರ್ಡು ಮೂಕವಾದರೂ ಡಿಸ್ಕನ್ನು ಬೇರೆ ಯಂತ್ರಕ್ಕೆ ಸೇರಿಸಿ ಓದಬಹುದು. ಆದರೆ ಇಲ್ಲಿ ಒಂದು ತೊಡಕುಂಟು. ಈಗಿನ ವಿಂಡೋಸ್ ಡಿಸ್ಕಿನ ಬರಹಕ್ಕೆ ಬಿಟ್‌ಲಾಕರ್ ಎಂಬ ಬೀಗವನ್ನು ಹಾಕಿರಬಹುದು. ೨೦೨೪ರಲ್ಲಿ ಬಂದ ವಿಂಡೋಸ್ ೧೧ರ ೨೪ಎಚ್೨ ಆವೃತ್ತಿಯನ್ನು ಹೊಸದಾಗಿ ಸ್ಥಾಪಿಸಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕರೆ, ಎಷ್ಟೋ ಯಂತ್ರಗಳಲ್ಲಿ ಮನೆಯವರ ಗಮನಕ್ಕೆ ಬಾರದೆಯೇ ಈ ಬೀಗವು ಬೀಳುವುದು. ಬೀಗದ ಗುಟ್ಟನ್ನು ಟಿಪಿಎಂ ಎಂಬ ಭಾಗವು ಕಾಯುವುದು. ಫರ್ಮ್‌ವೇರ್ ಬದಲಾದರೆ ಅದು ಸಂಶಯಪಟ್ಟು ಗುಟ್ಟನ್ನು ಕೊಡದೆ ಹೋಗಬಹುದು. ಆಗ ತೆರೆಯು ೪೮ ಅಂಕೆಗಳ ಒಂದು ಕೀಲಿಯನ್ನು ಕೇಳುವುದು. ಅದು ಇಲ್ಲದಿದ್ದರೆ ಅಂಗಡಿಯವನಾಗಲಿ, ಬೋರ್ಡಿನ ಕಂಪೆನಿಯಾಗಲಿ, ವಿಂಡೋಸ್ ಮಾಡಿದವರಾಗಲಿ ಆ ಬೀಗವನ್ನು ತೆರೆಯಲಾರರು. ಬೋರ್ಡು ಹೋದರೆ ಹಣಕ್ಕೆ ಇನ್ನೊಂದು ಬರುವುದು. ಅಜ್ಜಿಯ ಏಕಮಾತ್ರ ಭಾವಚಿತ್ರವು ಹೋದರೆ ಬರುವುದಿಲ್ಲ.

ಆದಕಾರಣ ಫರ್ಮ್‌ವೇರಿಗೆ ಕೈಹಾಕುವ ಮೊದಲು ಮೂರು ಕೆಲಸಗಳನ್ನು ಮಾಡಿರಿ. ಮುಖ್ಯ ಕಡತಗಳ ಪ್ರತಿಯನ್ನು ಬೇರೆ ಡಿಸ್ಕಿನಲ್ಲಿಡಿರಿ. ೪೮ ಅಂಕೆಗಳ ಕೀಲಿಯನ್ನು ನಿಮ್ಮ ಖಾತೆಯಿಂದ ತೆಗೆದು ಕಾಗದದ ಮೇಲೆ ಬರೆದು ಪಹಣಿ ಪತ್ರಗಳ ಜೊತೆಯಲ್ಲಿಡಿರಿ. ಬಿಟ್‌ಲಾಕರಿನ ಕಾವಲನ್ನು ತಾತ್ಕಾಲಿಕವಾಗಿ ನಿಲ್ಲಿಸಿ ಕೆಲಸ ಮುಗಿದ ಮೇಲೆ ಪುನಃ ಆರಂಭಿಸಿರಿ.

೬. ಮತ್ತಿಘಟ್ಟದಂಥ ಊರಿನಲ್ಲಿ ಗಮನಿಸತಕ್ಕದ್ದು

ಪಟ್ಟಣದವರಿಗಾಗಿ ಬರೆದ ಕೈಪಿಡಿಗಳು ಶಿರಸಿ ಸೀಮೆಯ ಮಳೆಯನ್ನು ಅರಿಯವು. ಮತ್ತಿಘಟ್ಟದಂಥ ಘಟ್ಟದ ಊರುಗಳಿಗೆ ವಿದ್ಯುತ್ತಿನ ತಂತಿಯು ಕಾಡನ್ನು ಹಾದು ಬರುವುದು. ಆಷಾಢ ಶ್ರಾವಣಗಳಲ್ಲಿ ಒಂದು ಕೊಂಬೆ ಮುರಿದು ಬಿದ್ದರೆ ಕೇರಿಯೆಲ್ಲ ಕತ್ತಲಾಗುವುದು. ಮಳೆಗಾಲದ ಮುಂಚಿನ ಏಪ್ರಿಲ್ ಮೇ ತಿಂಗಳುಗಳಲ್ಲಿ ಸಂಜೆಯ ಗುಡುಗು ಮಿಂಚುಗಳ ಭಯವುಂಟು. ಆದ್ದರಿಂದ ಈ ಕೆಲಸಕ್ಕೆ ಮಳೆ ಹಿಂದೆ ಸರಿದ ಮೇಲಿನ ದಿನಗಳ ಬೆಳಗಿನ ಹೊತ್ತನ್ನು ಆರಿಸಿಕೊಳ್ಳುವುದು ಉತ್ತಮವು.

ಮನೆಯಲ್ಲಿ ಇನ್ವರ್ಟರ್ ಇದೆಯೆಂದು ಅದನ್ನೇ ನಂಬುವುದು ಯುಕ್ತವಲ್ಲ. ವಿದ್ಯುತ್ತು ಹೋದ ಮೇಲೆ ಎಸ್ಎಂಪಿಎಸ್ಸು ತನ್ನೊಳಗಿನ ಶಕ್ತಿಯಿಂದ ಯಂತ್ರವನ್ನು ಹಿಡಿದಿಡುವುದು ಸುಮಾರು ೧೬ ಮಿಲಿಸೆಕೆಂಡು ಮಾತ್ರ. ದೀಪ ಫ್ಯಾನುಗಳಿಗಾಗಿ ಹೊಂದಿಸಿದ ಇನ್ವರ್ಟರು ಬದಲಾಯಿಸಿಕೊಳ್ಳಲು ಇದಕ್ಕಿಂತ ಹೆಚ್ಚು ಹೊತ್ತನ್ನು ತೆಗೆದುಕೊಳ್ಳಬಹುದು. ದೀಪಕ್ಕೆ ಅದು ಕಾಣದಷ್ಟು ಅಲ್ಪ, ಗಣಕಯಂತ್ರಕ್ಕೆ ಅದೇ ಮರಣ. ಇನ್ವರ್ಟರಿನ ಹಿಂಬದಿಯಲ್ಲಿ ಯುಪಿಎಸ್ ಎಂಬ ಗುರುತಿಗೆ ಸ್ವಿಚ್ಚನ್ನು ತಿರುಗಿಸುವ ಅನುಕೂಲವಿದ್ದರೆ ಹಾಗೆ ಮಾಡಿರಿ. ಇಲ್ಲವಾದರೆ ಗಣಕಯಂತ್ರಕ್ಕೆಂದೇ ಮಾಡಿದ ಸಣ್ಣ ಯುಪಿಎಸ್ಸನ್ನು ಇಟ್ಟುಕೊಳ್ಳಿರಿ. ಮೊದಲು ಬೇರಾವ ಕೆಲಸವೂ ನಡೆಯದಿರುವಾಗ ಮೇನ್ ಸ್ವಿಚ್ಚನ್ನು ಆರಿಸಿ, ಯಂತ್ರವು ನಿಲ್ಲದೆ ನಡೆಯುವುದೇ ಎಂದು ಪರೀಕ್ಷಿಸಿ ನೋಡಿರಿ. ಹಗ್ಗವನ್ನು ನೆಲದ ಮೇಲೆಯೇ ಎಳೆದು ನೋಡದೆ ಯಾವ ಕೊನೆಗೌಡನೂ ಮರವೇರುವುದಿಲ್ಲ.

೭. ಇದು ಹೆಣ್ಣುಮಕ್ಕಳ ಕೆಲಸವೇ?

ಯಂತ್ರ ಕೆಟ್ಟರೆ ಅಣ್ಣನೋ ಅಂಗಡಿಯವನೋ ನೋಡಲೆಂದು ಹೆಣ್ಣುಮಕ್ಕಳು ದೂರ ನಿಲ್ಲುವುದನ್ನು ಇಂದಿಗೂ ಕಾಣುತ್ತೇವೆ. ಇವರು ಒಂದು ಚರಿತ್ರೆಯನ್ನು ತಿಳಿದಿರಬೇಕು. ೧೯೪೬ರ ಫೆಬ್ರವರಿಯಲ್ಲಿ ಅಮೆರಿಕದ ಫಿಲಡೆಲ್ಫಿಯದಲ್ಲಿ ಎನಿಯಾಕ್ ಎಂಬ ಗಣಕಯಂತ್ರವನ್ನು ಲೋಕಕ್ಕೆ ತೋರಿಸಲಾಯಿತು. ಅದರಲ್ಲಿ ಸುಮಾರು ೧೮,೦೦೦ ನಿರ್ವಾತ ನಳಿಗೆಗಳಿದ್ದುವು. ಅದಕ್ಕೆ ಕೆಲಸವನ್ನು ಅಳವಡಿಸಿದವರು ಕ್ಯಾಥ್ಲೀನ್ ಮೆಕ್‌ನಲ್ಟಿ, ಜೀನ್ ಜೆನ್ನಿಂಗ್ಸ್, ಬೆಟ್ಟಿ ಸ್ನೈಡರ್, ಮಾರ್ಲಿನ್ ವೆಸ್ಕಾಫ್, ಫ್ರಾನ್ಸಿಸ್ ಬಿಲಾಸ್, ರೂತ್ ಲಿಕ್ಟರ್‌ಮನ್ ಎಂಬ ಆರು ಮಂದಿ ಯುವತಿಯರು. ಅವರಿಗೆ ಕೈಪಿಡಿಯಿರಲಿಲ್ಲ, ಮೊದಮೊದಲು ಯಂತ್ರವಿದ್ದ ಕೋಣೆಗೆ ಪ್ರವೇಶವೂ ಇರಲಿಲ್ಲ. ತಂತಿಗಳ ನಕ್ಷೆಗಳನ್ನು ಓದಿ ಓದಿಯೇ ಅವರು ಯಂತ್ರವನ್ನು ಅರಿತುಕೊಂಡರು. ಕಡೆಗೆ ದೋಷ ಬಂದಾಗ ಅಷ್ಟು ಸಾವಿರ ನಳಿಗೆಗಳ ನಡುವೆ ಕೆಟ್ಟ ಒಂದನ್ನು ಬೆರಳಿಟ್ಟು ತೋರಿಸಬಲ್ಲವರಾದರು.

ಅವರು ಅನುಸರಿಸಿದ ದಾರಿಯೂ ಮೇಲೆ ಹೇಳಿದ ದಾರಿಯೂ ಒಂದೇ. ಯಂತ್ರದ ಕೆಲಸವು ಯಾವ ಕ್ರಮದಲ್ಲಿ ನಡೆಯುವುದೆಂದು ತಿಳಿಯುವುದು, ಅದು ಎಲ್ಲಿಯವರೆಗೆ ನಡೆದು ಎಲ್ಲಿ ನಿಂತಿತೆಂದು ನೋಡುವುದು, ಒಂದು ಸಲಕ್ಕೆ ಒಂದನ್ನೇ ಬದಲಿಸಿ ಕಂಡುದನ್ನು ಬರೆದಿಡುವುದು. ಇಷ್ಟನ್ನು ಬಲ್ಲ ಹುಡುಗಿಗೆ ಗಣಕಯಂತ್ರದಂತೆಯೇ ಬಾವಿಯ ಪಂಪೂ, ಮನೆಯ ಫ್ಯೂಜೂ, ಅಪ್ಪನ ಲೆಕ್ಕದಲ್ಲಿ ತಾಳೆಯಾಗದ ಮೊತ್ತವೂ ಭಯವನ್ನು ಹುಟ್ಟಿಸಲಾರವು. ತಾಯ್ತಂದೆಗಳು ಮುಂದಿನ ರಜೆಯಲ್ಲಿ ಮನೆಯ ಗಣಕಯಂತ್ರದ ಮುಚ್ಚಳವನ್ನು ಒಮ್ಮೆ ಮಗಳ ಕೈಯಿಂದಲೇ ತೆಗೆಯಿಸಿ, ಆ ಎಂಟು ಕಾಲಿನ ಚಿಪ್ಪನ್ನೂ ನಾಣ್ಯದಂಥ ಬ್ಯಾಟರಿಯನ್ನೂ ಅವಳಿಂದಲೇ ಹುಡುಕಿಸಲಿ. ಬೋರ್ಡಿನ ಹೆಸರು, ರಿವಿಜನ್ ಸಂಖ್ಯೆ, ೪೮ ಅಂಕೆಗಳ ಕೀಲಿ ಇವು ಮೂರನ್ನೂ ಅವಳ ಅಕ್ಷರದಲ್ಲಿಯೇ ಮನೆಯ ಕಡತದಲ್ಲಿ ಬರೆಯಿಸಿಡಲಿ. ಯಂತ್ರವು ಮೂಕವಾದ ದಿನ ಆ ಒಂದು ಪುಟವು ಮನೆಗೆ ಬಹಳ ಉಪಕಾರವನ್ನು ಮಾಡುವುದು.